ಮಂಡಿನೋವಿಗೆ ಗ್ರಂಥಿಗೆ ಅಂಗಡಿ ಮದ್ದು: ದಾವಣಗೆರೆ ಪೇಟೆಯಲ್ಲಿ ಯಾವುದು ತರಬಹುದು, ಯಾವುದು ಬೇಡ

ದಾವಣಗೆರೆಯ ಹಳೆ ಪೇಟೆಯಲ್ಲಿ ಯಾವ ಗ್ರಂಥಿಗೆ ಅಂಗಡಿ ಮುಂದೆ ನಿಂತು ‘ಮಂಡಿನೋವಿಗೆ ಏನಾದ್ರೂ ಕೊಡ್ರಿ’ ಅಂದರೂ ಐದು ನಿಮಿಷದಲ್ಲಿ ಒಂದು ಪೊಟ್ಟಣ ಕೈಗೆ ಬರುತ್ತದೆ. ಅದೇ ಬೀದಿಯ ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಕ್ಯಾಪ್ಸೂಲಿನ ಡಬ್ಬಿ, ಕೆಂಪು ಎಣ್ಣೆಯ ಶೀಸೆ. ಎರಡರಲ್ಲೂ ಹೆಚ್ಚುಕಮ್ಮಿ ಅವೇ ಗಿಡಮೂಲಿಕೆಗಳ ಹೆಸರಿರುತ್ತದೆ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಹೊಟ್ಟೆಗೆ ಹೋಗುವ ಸಾರ ಒಂದೇ ಆಗುವುದಿಲ್ಲ. ಕೆಲವು ಬೇರುಗಳ ಸಾರ ನೀರಿಗೆ ಇಳಿಯುತ್ತದೆ, ಕೆಲವದು ಎಣ್ಣೆ, ತುಪ್ಪಕ್ಕೆ ಮಾತ್ರ ಇಳಿಯುತ್ತದೆ, ಕೆಲವದು ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ಮದ್ದು ತಂದವರು ‘ಏನೂ ಗುಣ ಕಾಣಲಿಲ್ಲ’ ಅನ್ನುವಾಗ ಬಹಳ ಸಲ ತಪ್ಪು ಗಿಡದ್ದಲ್ಲ, ಬಳಸಿದ ರೀತಿಯದು. ಆ ಕಣ್ಣಿನಿಂದಲೇ ಇಲ್ಲಿ ಒಂದೊಂದು ಸರಕನ್ನೂ ನೋಡಲಾಗಿದೆ.

ಮೊದಲು ಕಷಾಯದ ಪೊಟ್ಟಣ. ನಮ್ಮ ಕಡೆ ಕೀಲುನೋವಿಗೆ ಕಟ್ಟಿಕೊಡುವ ಪೊಟ್ಟಣಗಳಲ್ಲಿ ಹೆಚ್ಚಿನವು ರಾಸ್ನಾಸಪ್ತಕದ ಜಾಡಿನವು: ರಾಸ್ನೆ, ಅಮೃತಬಳ್ಳಿ, ಕಕ್ಕೆಕಾಯಿ ತಿರುಳು, ದೇವದಾರು, ನೆಗ್ಗಿಲು, ಹರಳು ಬೇರು, ಕೊಮ್ಮೆ ಬೇರು. ಏಳೂ ಇದ್ದರೆ ಪೊಟ್ಟಣ ಪೂರ್ತಿ. ಅಂಗಡಿಯವರು ಒಟ್ಟಿಗೆ ಕುಟ್ಟಿ ಕೊಡುವುದಕ್ಕೆ ಮೊದಲು ಏಳನ್ನೂ ಬೇರೆ ಬೇರೆ ಕಾಗದದ ಮೇಲೆ ಇಡಿಸಿ ನೋಡಿ. ಕೇಳಿದರೆ ಬೇಸರ ಮಾಡಿಕೊಳ್ಳುವ ಅಂಗಡಿಗಿಂತ ತೋರಿಸಿ ಹೆಸರು ಹೇಳುವ ಅಂಗಡಿಯೇ ವಾಸಿ. ಕುಟ್ಟಿದ ಮೇಲೆ ಯಾವ ಬೇರು ಯಾವುದು ಅಂತ ಹೇಳುವುದು ಪಳಗಿದವರಿಗೂ ಕಷ್ಟ.

ಇದರಲ್ಲಿ ದೊಡ್ಡ ಗೊಂದಲ ರಾಸ್ನೆಯದು. ಈ ಒಂದು ಹೆಸರಿನಲ್ಲಿ ದೇಶದಲ್ಲಿ ಮೂರು ಬೇರೆ ಬೇರೆ ಗಿಡ ಮಾರಾಟವಾಗುತ್ತವೆ. ಉತ್ತರದ ಕಡೆ ಪ್ಲೂಚಿಯಾ ಲ್ಯಾನ್ಸಿಯೊಲೇಟಾ ಎಂಬ ಪೊದೆ. ಸರ್ಕಾರದ ಆಯುರ್ವೇದ ಫಾರ್ಮಕೋಪಿಯಾ, ಅಂದರೆ ಮದ್ದುಗಳ ಗುಣಮಟ್ಟದ ಅಧಿಕೃತ ಪುಸ್ತಕ, ರಾಸ್ನೆ ಎಂದು ಹೇಳುವುದು ಇದನ್ನೇ. ಬಂಗಾಳದ ಕಡೆ ವಾಂಡಾ ಎಂಬ ಸೀತಾಳೆ (ಆರ್ಕಿಡ್) ಜಾತಿಯ ಬೇರು. ನಮ್ಮ ದಕ್ಷಿಣದಲ್ಲಿ ದುಂಪರಾಸ್ನೆ, ಅಂದರೆ ಶುಂಠಿಯ ಬಳಗದ ಆಲ್ಪಿನಿಯಾ ಗಲಂಗಾ ಗಡ್ಡೆ. ದಾವಣಗೆರೆಯಲ್ಲಿ ‘ರಾಸ್ನೆ’ ಅಂತ ಕೇಳಿದರೆ ಸಿಗುವುದು ಸಾಮಾನ್ಯವಾಗಿ ಈ ಗಡ್ಡೆಯೇ. ಹೊರಮೈ ಕೆಂಪುಕಂದು, ಉಂಗುರ ಉಂಗುರವಾದ ಗೆರೆ, ಮುರಿದರೆ ಒಳಗೆ ತಿಳಿಬಣ್ಣದ ನಾರು, ಮೂಗಿಗೆ ಹಿಡಿದರೆ ಶುಂಠಿಗಿಂತ ಖಾರವಾದ ವಾಸನೆ. ಪ್ಲೂಚಿಯಾ ಆದರೆ ಒಣಹುಲ್ಲಿನಂಥ ಕಡ್ಡಿ, ಎಲೆ. ವಾಡಿಕೆಯಲ್ಲಿ ಎರಡನ್ನೂ ವಾತಕ್ಕೇ ಕೊಡುತ್ತಾರೆ, ಆದರೆ ಒಳಗಿನ ಸಾರ ಒಂದಲ್ಲ. ಪ್ಲೂಚಿಯಾದಲ್ಲಿ ಕ್ವೆರ್ಸೆಟಿನ್ ಜಾತಿಯ ಫ್ಲೇವನಾಯ್ಡುಗಳು ಮುಖ್ಯ, ದುಂಪರಾಸ್ನೆಯಲ್ಲಿ ಅಸಿಟಾಕ್ಸಿಚಾವಿಕಾಲ್ ಅಸಿಟೇಟ್ ಎಂಬ ಖಾರದ ಸಾರ ಮುಖ್ಯ. ಈ ಎರಡನೆಯದು ಬಿಸಿನೀರಿನಲ್ಲಿ ತಾಳಿಕೊಳ್ಳುವುದಿಲ್ಲ, ಒಡೆದು ಬೇರೆ ರೂಪಕ್ಕೆ ಹೋಗುತ್ತದೆ. ಹಾಗಾಗಿ ದುಂಪರಾಸ್ನೆಯನ್ನು ತಾಸುಗಟ್ಟಲೆ ಕುದಿಸಿದರೆ ಉಳಿಯುವುದು ಬಣ್ಣ ಮತ್ತು ಕಹಿ. ವೈದ್ಯರ ಚೀಟಿಯಲ್ಲಿ ಬರೀ ‘ರಾಸ್ನಾ’ ಅಂತಿದ್ದರೆ ಯಾವುದು ಅಂತ ಅವರನ್ನೇ ಕೇಳಿ ಬರೆಸಿಕೊಳ್ಳಿ.

ಕುದಿಸುವ ಲೆಕ್ಕ ಹೀಗೆ. 12 ಗ್ರಾಂ ತರಿಗೆ 16 ಪಟ್ಟು, ಅಂದರೆ ಸುಮಾರು 200 ಮಿಲಿ ನೀರು. ಸಣ್ಣ ಉರಿಯಲ್ಲಿ ಕಾಲುಭಾಗಕ್ಕೆ, 50 ಮಿಲಿಗೆ, ಇಳಿಸಿ ಸೋಸಬೇಕು. ಪುಡಿ ನುಣ್ಣಗಿರಬಾರದು, ರವೆಗಿಂತ ದಪ್ಪ ತರಿಯಾಗಿರಬೇಕು. ನುಣ್ಣಗೆ ಬೀಸಿಸಿದರೆ ಅಮೃತಬಳ್ಳಿಯ ಹಿಟ್ಟಿನ ಅಂಶ ಗಂಜಿಯಂತೆ ಕಟ್ಟಿಕೊಳ್ಳುತ್ತದೆ, ತಳ ಹಿಡಿಯುತ್ತದೆ, ಸೋಸುವ ಬಟ್ಟೆಯಲ್ಲಿ ಅರ್ಧ ಕಷಾಯ ಉಳಿದುಹೋಗುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡ, ಸ್ಟೀಲ್ ಸಾಕು. ಕುಕ್ಕರಿನಲ್ಲಿ ಸೀಟಿ ಹೊಡೆಸುವುದೂ ಬೇಡ, ನೀರು ಇಳಿಯುವುದೇ ಇಲ್ಲ. ಬೆಳಿಗ್ಗೆ ಮಾಡಿದ್ದು ಅವತ್ತೇ ಮುಗಿಯಬೇಕು. ಮಾರನೇ ದಿನಕ್ಕೆ ಉಳಿದದ್ದನ್ನು ಚೆಲ್ಲಿ.

ಹಿಂದಿನವರು ಈ ಕಷಾಯವನ್ನು ಇಳಿಸಿದ ಮೇಲೆ ಒಣಶುಂಠಿ ಪುಡಿ ಉದುರಿಸಿ ಕುಡಿಯಬೇಕು ಅಂದಿದ್ದಾರೆ. ಇದು ಬರೀ ರುಚಿಗಲ್ಲ. ಶುಂಠಿಯ ಆವಿಯಾಗುವ ಎಣ್ಣೆ ಬಾಯ್ತೆರೆದ ಪಾತ್ರೆಯಲ್ಲಿ ಕುದಿಯುವಾಗ ಹಾರಿಹೋಗುತ್ತದೆ, ಖಾರದ ಸಾರವೂ ನೀರಿಗೆ ಸರಿಯಾಗಿ ಇಳಿಯುವುದಿಲ್ಲ. ಕೊನೆಗೆ ಪುಡಿಯನ್ನೇ ಹಾಕಿ ಕಲಕಿ ಕುಡಿದರೆ ಸಾರ ಪೂರ್ತಿ ಹೊಟ್ಟೆಗೆ ಹೋಗುತ್ತದೆ. ಹಸಿಶುಂಠಿ ಸಾಲದೇ ಅಂತ ಕೇಳುವವರಿಗೆ: ಹಸಿಯದರಲ್ಲಿ ಇರುವುದು ಹೆಚ್ಚಾಗಿ ಜಿಂಜರಾಲ್. ಒಣಗುವಾಗ ಅದು ನೀರಿನ ಅಂಶ ಕಳೆದುಕೊಂಡು ಶೋಗಾಲ್ ಆಗುತ್ತದೆ, ಖಾರ ಏರುತ್ತದೆ. ಉರಿಯೂತ ತಗ್ಗಿಸುವುದರಲ್ಲಿ ಪ್ರಯೋಗಾಲಯಗಳಲ್ಲಿ ಶೋಗಾಲ್ ಹೆಚ್ಚು ಚುರುಕು ಕಂಡಿದೆ. ಶೋಗಾ ಅಂದರೆ ಜಪಾನಿಯರ ಮಾತಿನಲ್ಲಿ ಶುಂಠಿ. ಹೆಸರು ಅಲ್ಲಿಂದ ಬಂದದ್ದು. ಅಂಗಡಿಯಲ್ಲಿ ಬೆಳ್ಳಗೆ, ಕೈಗೆ ಬಿಳಿ ಹುಡಿ ಹತ್ತುವ ಒಣಶುಂಠಿ ಇಟ್ಟಿದ್ದರೆ ಅದು ಹುಳ ಬೀಳದಂತೆ ಸುಣ್ಣದಲ್ಲಿ ಅದ್ದಿದ್ದು. ಬೇಡ. ಮಾಸಲು ಬಣ್ಣದ, ಸಿಪ್ಪೆ ಅರೆಬರೆ ಇರುವ ತುಂಡು ತೆಗೆದುಕೊಂಡು ಮುರಿದು ನೋಡಿ. ಒಳಗೆ ಸೂಜಿಮೊನೆಯಷ್ಟು ತೂತು, ಹಿಟ್ಟುಪುಡಿ ಕಂಡರೆ ಹುಳ ಆಗಲೇ ತಿಂದು ಮುಗಿಸಿದೆ.

ಒಟ್ಟಿನಲ್ಲಿ ಕಷಾಯದ ಪೊಟ್ಟಣ ಒಳ್ಳೆಯ ಸರಕು, ದುಬಾರಿಯೂ ಅಲ್ಲ. ಕಕ್ಕೆಕಾಯಿ ತಿರುಳಿನಲ್ಲಿ ಆಂಥ್ರಾಕ್ವಿನೋನ್‌ಗಳಿರುವುದರಿಂದ ಒಂದೆರಡು ದಿನ ಹೊಟ್ಟೆ ಸಡಿಲಾಗಬಹುದು. ಮೊದಲೇ ಭೇದಿ ಇದ್ದವರು ಅದೊಂದನ್ನು ತೆಗೆಸಿ. ಅಮೃತಬಳ್ಳಿ ಮಾತ್ರ ಗುರುತಿದ್ದದ್ದೇ ಆಗಲಿ. ಅಡ್ಡ ಕತ್ತರಿಸಿದ ತುಂಡಿನಲ್ಲಿ ಗಾಡಿಚಕ್ರದ ಅರಗಳಂಥ ಗೆರೆ, ಮೇಲೆ ಕಾಗದದಂತೆ ಏಳುವ ಸಿಪ್ಪೆ ಇರಬೇಕು. ಮೈತುಂಬ ಗಂಟುಗಂಟು ಇರುವ ಬಳ್ಳಿ ಅದರ ದಾಯಾದಿ, ಲಿವರಿಗೆ ತೊಂದರೆ ಕೊಟ್ಟಿರುವ ಜಾತಿ.

ಈಗ ಅಂಟುಗಳ ವಿಷಯ. ಇಲ್ಲೇ ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು, ಇಲ್ಲೇ ನಿಜವಾಗಿ ಕೆಲಸ ಮಾಡುವ ಒಂದು ಸಾರವೂ ಇರುವುದು.

ಸಲ್ಲಕಿ ಅಂದರೆ ಬಾಸ್ವೆಲಿಯಾ ಸೆರಾಟಾ ಮರದ ಅಂಟು. ಇದರ ಬಾಸ್ವೆಲಿಕ್ ಆಮ್ಲಗಳಲ್ಲಿ ಒಂದು, ಚಿಕ್ಕದಾಗಿ ಎಕೆಬಿಎ ಅನ್ನುತ್ತಾರೆ, ಉರಿಯೂತಕ್ಕೆ ದಾರಿ ಮಾಡುವ 5-ಲಿಪಾಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಹಿಡಿಯುವ ದಾರಿ ಬೇರೆ, ಅವು ಸೈಕ್ಲೊಆಕ್ಸಿಜಿನೇಸ್ ತಡೆಯುತ್ತವೆ. ಅದಕ್ಕೇ ಸಲ್ಲಕಿ ನೋವಿನ ಗುಳಿಗೆಯಂತೆ ಒಂದು ತಾಸಿನಲ್ಲಿ ನೋವು ಇಳಿಸುವುದಿಲ್ಲ. ವಾರಗಟ್ಟಲೆ ತೆಗೆದುಕೊಂಡರೆ ಬಿಗಿತ, ಬಾವು ನಿಧಾನಕ್ಕೆ ತಗ್ಗಬಹುದು. ಮಂಡಿ ಸವೆತದವರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಭಾರತದ ಒಂದು ಪರೀಕ್ಷೆಯಲ್ಲಿ 30% ಎಕೆಬಿಎ ಇರುವ ಸಾರವನ್ನು ದಿನಕ್ಕೆ 100 ಮತ್ತು 250 ಮಿಲಿಗ್ರಾಂನಂತೆ 90 ದಿನ ಕೊಟ್ಟಿದ್ದರು. ಬರೀ ಹುಸಿಗುಳಿಗೆ ನುಂಗಿದವರಿಗಿಂತ ನೋವು ಕಡಿಮೆಯಾಗಿತ್ತು. ಸವೆದ ಮೃದ್ವಸ್ಥಿ ಮತ್ತೆ ಬೆಳೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಗ್ರಂಥಿಗೆ ಅಂಗಡಿಯಲ್ಲಿ ಇದನ್ನು ಬಿಡಿಯಾಗಿ ತರುವುದು ಬೇಡ ಅನ್ನುವುದಕ್ಕೆ ಎರಡು ಕಾರಣ. ಒಂದು, ಧೂಪದ ಡಬ್ಬಿಗಳ ಸಾಲಿನಲ್ಲಿ ಸಲ್ಲಕಿ, ಗುಗ್ಗುಳ, ಲೋಬಾನ, ಹಾಲುಮಡ್ಡಿ, ರಾಳ ಅಕ್ಕಪಕ್ಕ ಇರುತ್ತವೆ, ಒಡೆದ ಹರಳುಗಳು ನೋಡಲು ಒಂದೇ ಥರ. ಬಾಸ್ವೆಲಿಕ್ ಆಮ್ಲ ಇರುವುದು ಇವುಗಳಲ್ಲಿ ಸಲ್ಲಕಿಯಲ್ಲಿ ಮಾತ್ರ. ಒಂದು ತುಂಡನ್ನು ಚೂರು ನೀರು ಹಾಕಿ ಕಲ್ಲಿನ ಮೇಲೆ ತೇಯ್ದರೆ ಸಲ್ಲಕಿಯೂ ಗುಗ್ಗುಳವೂ ಹಾಲಿನಂತೆ ಬೆಳ್ಳಗೆ ಕದಡುತ್ತವೆ, ಯಾಕೆಂದರೆ ಅವುಗಳಲ್ಲಿ ನೀರಿಗೆ ಕರಗುವ ಗೋಂದೂ ಇದೆ. ರಾಳ, ಲೋಬಾನ ಹಾಗೆ ಕದಡದೆ ಮರಳಿನಂತೆ ಉಳಿಯುತ್ತವೆ. ಇಷ್ಟು ಗುರುತಿಗೆ ಸಾಕು, ಗುಣಮಟ್ಟಕ್ಕೆ ಸಾಲದು. ಎರಡನೆಯದು, ಘಮ. ಕೆಂಡದ ಮೇಲೆ ಹಾಕಿದಾಗ ಮನೆತುಂಬ ಬರುವ ಪರಿಮಳ ಆವಿಯಾಗುವ ಎಣ್ಣೆಯದು. ಬಾಸ್ವೆಲಿಕ್ ಆಮ್ಲ ಭಾರದ ಅಣು, ಹಾರುವುದೂ ಇಲ್ಲ, ವಾಸನೆಯೂ ಇಲ್ಲ. ಘಮ ಜೋರಿದ್ದದ್ದು ಪೂಜೆಗೆ ಒಳ್ಳೆಯ ಸರಕು. ಮಂಡಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಕಷಾಯಕ್ಕೆ ಹಾಕಿದರೂ ನೀರಿಗೆ ಇಳಿಯುವುದು ಗೋಂದು ಮಾತ್ರ, ಆಮ್ಲ ಸೋಸುವ ಬಟ್ಟೆಯಲ್ಲೇ ಕೂರುತ್ತದೆ.

ಹಾಗಾಗಿ ಸಲ್ಲಕಿಯನ್ನು ಕ್ಯಾಪ್ಸೂಲಾಗಿಯೇ ತರಬೇಕು, ಆದರೆ ಡಬ್ಬಿಯ ಹಿಂಬದಿ ಓದಿ ತರಬೇಕು. ‘ಬಾಸ್ವೆಲಿಕ್ ಆಮ್ಲ 65%’ ಅಂತ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಆ ಅಂಕಿ ಟೈಟ್ರೇಶನ್‌ನಿಂದ ಬಂದದ್ದಾದರೆ ಅಂಟಿನಲ್ಲಿರುವ ಎಲ್ಲ ಆಮ್ಲಗಳನ್ನೂ ಒಟ್ಟಿಗೆ ಎಣಿಸಿದ್ದು. ಎಚ್‌ಪಿಎಲ್‌ಸಿ ಯಂತ್ರದಲ್ಲಿ ಒಂದೊಂದನ್ನೇ ಬಿಡಿಸಿ ಅಳೆದಾಗ ಬರುವ ಮೊತ್ತ ಅದಕ್ಕಿಂತ ಕಡಿಮೆ. ನಮಗೆ ಬೇಕಾದ ಎಕೆಬಿಎ ಸಾದಾ ಸಾರದಲ್ಲಿ ನೂರಕ್ಕೆ ಒಂದೆರಡು ಪಾಲು ಇದ್ದರೆ ಹೆಚ್ಚು. ಒಂದು ಡಬ್ಬಿಯ 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಎಕೆಬಿಎ 2% ಅಂತಿಟ್ಟುಕೊಳ್ಳಿ, ಸಿಕ್ಕಿದ್ದು 10 ಮಿಲಿಗ್ರಾಂ. ಪಕ್ಕದ ಡಬ್ಬಿಯಲ್ಲಿ 30% ಇರುವ ಸಾರ ಬರೀ 100 ಮಿಲಿಗ್ರಾಂ, ಆದರೆ ಎಕೆಬಿಎ 30 ಮಿಲಿಗ್ರಾಂ. ಕ್ಯಾಪ್ಸೂಲ್ ದೊಡ್ಡದು ಅಂತ ಮೊದಲನೆಯದನ್ನು ತಂದವರು ಮೂರು ನುಂಗಿದರೂ ಎರಡನೆಯದರ ಒಂದಕ್ಕೆ ಸಮ. ಎಕೆಬಿಎ ಎಷ್ಟು ಅಂತ ಬರೆಯದೇ ಇರುವ ಡಬ್ಬಿಯನ್ನು ವಾಪಸ್ ಇಡಿ.

ನುಂಗುವ ಹೊತ್ತೂ ಅಷ್ಟೇ ಮುಖ್ಯ. ಖಾಲಿ ಹೊಟ್ಟೆಯಲ್ಲಿ ಇದು ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕೊಬ್ಬಿನ ಊಟದ ಜೊತೆ ಹಲವು ಪಟ್ಟು ಹೆಚ್ಚಾಗುವುದನ್ನು ಅಳೆದು ನೋಡಿದ್ದಾರೆ. ನಮ್ಮೂರಿನ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಊಟದ ನಡುವೆ ನುಂಗಿದರೆ ಸಾಕು, ಇದಕ್ಕಾಗಿ ಬೇರೆ ತುಪ್ಪ ಕುಡಿಯಬೇಕಿಲ್ಲ. ಬೆಳಗಿನ ಚಹಾ ಜೊತೆ ನುಂಗಿ ಮೂರು ತಿಂಗಳು ಕಳೆದವರು ದುಡ್ಡನ್ನು ನೀರಿಗೆ ಹಾಕಿದಂತೆ. ಎದೆಯುರಿ, ಸಡಿಲ ಭೇದಿ ಇದರ ಸಾಮಾನ್ಯ ತೊಂದರೆಗಳು. ಎರಡು ಮೂರು ತಿಂಗಳು ಸರಿಯಾಗಿ ತೆಗೆದುಕೊಂಡೂ ಮೆಟ್ಟಿಲು ಹತ್ತುವುದರಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ.

ಗುಗ್ಗುಳ ಬೇರೆ ಮರದ್ದು, ಕೊಮಿಫೊರಾ ವೈಟೈ. ರಾಜಸ್ಥಾನ, ಗುಜರಾತಿನ ಒಣನೆಲದ ಗಿಡ. ಅಂಟಿಗಾಗಿ ಮೈಯೆಲ್ಲ ಕಚ್ಚು ಹಾಕಿ ಗಿಡ ಸಾಯಿಸಿ ಸಾಯಿಸಿ ಈಗ ಅದು ಅಳಿವಿನ ಅಂಚಿನ ಪಟ್ಟಿಯಲ್ಲಿ ಕಡೆಯ ಹಂತದಲ್ಲಿದೆ. ಸರಕು ಕಡಿಮೆಯಾದಷ್ಟೂ ಕಲಬೆರಕೆ ಜಾಸ್ತಿ: ಬೇರೆ ಮರದ ಅಂಟು, ತೊಗಟೆ, ಮರಳು. ಅದರ ಗುಗ್ಗುಲ್‌ಸ್ಟೆರೋನ್ ಉರಿಯೂತದ ಸ್ವಿಚ್ಚಿನಂತೆ ಕೆಲಸ ಮಾಡುವ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೊಟೀನನ್ನು ತಡೆಯುವುದು ಜೀವಕೋಶಗಳಲ್ಲಿ ಕಂಡಿದೆ. ಆದರೆ ಮಂಡಿಸವೆತದಲ್ಲಿ ಸಲ್ಲಕಿಗೆ ಇರುವಷ್ಟು ಮನುಷ್ಯರ ಮೇಲಿನ ಪರೀಕ್ಷೆ ಇದಕ್ಕಿಲ್ಲ. ಹಸಿ ಗುಗ್ಗುಳವನ್ನು ಹಾಗೇ ತಿಂದರೆ ಹೊಟ್ಟೆ ತೊಳಸುತ್ತದೆ, ಮೈಮೇಲೆ ದದ್ದು ಏಳುತ್ತದೆ. ಅದಕ್ಕೇ ಬಟ್ಟೆಗಂಟಿನಲ್ಲಿ ಕಟ್ಟಿ ತ್ರಿಫಲಾ ಕಷಾಯದಲ್ಲಿ ಬೇಯಿಸಿ ಶುದ್ಧಿ ಮಾಡುತ್ತಾರೆ. ಕಸಕಡ್ಡಿ ಬಟ್ಟೆಯಲ್ಲಿ ಉಳಿದು ಅಂಟು ಕಷಾಯಕ್ಕೆ ಇಳಿಯುತ್ತದೆ. ಪ್ರೊಪ್ರನೊಲಾಲ್, ಡಿಲ್ಟಿಯಾಜೆಮ್ ಎಂಬ ಬಿಪಿ, ಹೃದಯದ ಮಾತ್ರೆ ತೆಗೆದುಕೊಳ್ಳುವವರಲ್ಲಿ ಗುಗ್ಗುಳ ಆ ಮಾತ್ರೆ ರಕ್ತಕ್ಕೆ ಸೇರುವುದನ್ನೇ ಕಡಿಮೆ ಮಾಡುತ್ತದೆ.

ಗುಗ್ಗುಳದ ಗುಳಿಗೆ ಕೊಳ್ಳುವಾಗ ಒಂದು ಅಕ್ಷರ ತಪ್ಪದೆ ಹೆಸರು ಓದಿ. ಯೋಗರಾಜ ಗುಗ್ಗುಲು ಬೇರೆ, ಮಹಾಯೋಗರಾಜ ಗುಗ್ಗುಲು ಬೇರೆ. ಎರಡನೆಯದರಲ್ಲಿ ಭಸ್ಮಗಳಿವೆ: ನಾಗಭಸ್ಮ ಅಂದರೆ ಸೀಸದ್ದು, ರಸಸಿಂಧೂರ ಅಂದರೆ ಪಾದರಸದ್ದು. ‘ಮಹಾ’ ಇದ್ದರೆ ಹೆಚ್ಚು ಶಕ್ತಿ ಅಂದುಕೊಂಡು ಅಂಗಡಿಯಿಂದ ತಾವಾಗಿಯೇ ತಂದು ತಿಂಗಳುಗಟ್ಟಲೆ ತಿನ್ನುವುದು ಅಪಾಯ. 2004ರಲ್ಲಿ ಪ್ರಕಟವಾದ ಅಧ್ಯಯನದಂತೆ, ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಸರಕುಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಭಸ್ಮ ಸೇರಿದ ಮದ್ದು ವೈದ್ಯರ ಚೀಟಿ ಇಲ್ಲದೆ ಮನೆಗೆ ಬರಬಾರದು.

ಅರಿಶಿನದ ಲೆಕ್ಕವನ್ನು ಅಡುಗೆಮನೆಯಲ್ಲೇ ಹಾಕಬಹುದು. ಒಂದು ಚಮಚ ಅಂದರೆ ಸುಮಾರು 3 ಗ್ರಾಂ ಪುಡಿ. ಅದರಲ್ಲಿ ಕರ್ಕ್ಯುಮಿನ್ ಬಳಗದ ಸಾರ 3% ಅಂತ ಹಿಡಿದರೆ 90 ಮಿಲಿಗ್ರಾಂ. ಥಾಯ್ಲೆಂಡಿನಲ್ಲಿ ಮಂಡಿಸವೆತದ 367 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅರಿಶಿನದ ಸಾರ ದಿನಕ್ಕೆ 1500 ಮಿಲಿಗ್ರಾಂ ಕೊಟ್ಟಿದ್ದರು. ನಾಲ್ಕು ವಾರದಲ್ಲಿ ಅದು 1200 ಮಿಲಿಗ್ರಾಂ ಐಬುಪ್ರೊಫೆನ್‌ಗೆ ಸರಿಸಮ ನಿಂತಿತು, ಹೊಟ್ಟೆನೋವು ಕಡಿಮೆ ಇತ್ತು. ರಾತ್ರಿ ಹಾಲಿಗೆ ಹಾಕುವ ಅರ್ಧ ಚಮಚ ಪುಡಿಯಲ್ಲಿರುವ 45 ಮಿಲಿಗ್ರಾಂ ಸಾರ ಆ ಪ್ರಮಾಣದ ಹತ್ತಿರಕ್ಕೂ ಬರುವುದಿಲ್ಲ. ಹಾಲು ಕುಡಿಯಿರಿ, ಒಳ್ಳೆಯದೇ; ಮಂಡಿನೋವು ಅದರಿಂದ ಹೋಗುತ್ತದೆ ಅಂತ ಕಾಯಬೇಡಿ.

ಅರಿಶಿನಕ್ಕೆ ಮೆಣಸು ಸೇರಿಸಿದರೆ ಅದರ ಸಾರ ರಕ್ತಕ್ಕೆ ಹೆಚ್ಚು ಸೇರುತ್ತದೆ ಅಂತ ಗೊತ್ತಾದದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ, 1998ರಲ್ಲಿ. 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಸಾರವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತಕ್ಕೆ ಸೇರುವ ಪ್ರಮಾಣ 2000% ಏರಿತು. ಕಾಳುಮೆಣಸಿನಲ್ಲಿ ಪೈಪರಿನ್ ಸುಮಾರು 5%, ಹಾಗಾಗಿ 20 ಮಿಲಿಗ್ರಾಂಗೆ ಎಂಟು ಹತ್ತು ಕಾಳು ಬೇಕು, ಚಿಟಿಕೆ ಸಾಲದು. ಆದರೆ ಇದೇ ಪೈಪರಿನ್ ಬೇರೆ ಮಾತ್ರೆಗಳನ್ನೂ ಹೀಗೇ ರಕ್ತಕ್ಕೆ ಹೆಚ್ಚು ನೂಕುತ್ತದೆ. ಫಿಟ್ಸ್ ಮಾತ್ರೆ, ರಕ್ತ ತಿಳಿ ಮಾಡುವ ಮಾತ್ರೆ ಇರುವವರು ಮೆಣಸಿನ ಸಾರ ಸೇರಿದ ಅರಿಶಿನ ಕ್ಯಾಪ್ಸೂಲನ್ನು ವೈದ್ಯರನ್ನು ಕೇಳದೆ ಮುಟ್ಟಬಾರದು. ಇಂಥ ಕ್ಯಾಪ್ಸೂಲುಗಳಿಂದ ಲಿವರ್ ಊದಿಕೊಂಡ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಮೂತ್ರ ಕಡುಹಳದಿಯಾದರೆ, ಊಟ ಸೇರದಿದ್ದರೆ ಅವತ್ತೇ ನಿಲ್ಲಿಸಿ. ಪುಡಿ ತರುವುದಕ್ಕಿಂತ ಕೊಂಬು ತಂದು ಗಿರಣಿಯಲ್ಲಿ ಬೀಸಿಸಿ. ಪುಡಿಯನ್ನೇ ತರಬೇಕಾದರೆ ಒಂದು ಲೋಟ ನೀರಿಗೆ ಅರ್ಧ ಚಮಚ ಹಾಕಿ ಅಲುಗಿಸದೆ ಬಿಡಿ. ತಳಕ್ಕೆ ಕೂತು ಮೇಲಿನ ನೀರು ತಿಳಿಹಳದಿ ಇರಬೇಕು. ನೀರೆಲ್ಲ ಕಡುಹಳದಿಯಾದರೆ ಬಣ್ಣ ಬೆರೆಸಿದ್ದು.

ಅಶ್ವಗಂಧ, ನಮ್ಮ ಹಿರೇಮದ್ದಿನ ಬೇರು, ಕೀಲಿಗಿಂತ ನಿದ್ದೆ, ನಿತ್ರಾಣಕ್ಕೆ ಹೊಂದುವ ಮದ್ದು. ಪುಡಿ ಹಸಿರುಛಾಯೆ ಇದ್ದರೆ ಎಲೆ ಬೆರೆಸಿದ್ದಾರೆ. ಎಲೆಯಲ್ಲಿ ವಿಥಾಫೆರಿನ್ ಎಂಬ ಸಾರ ಹೆಚ್ಚು, ಆಯುಷ್ ಸಚಿವಾಲಯ 2021ರಲ್ಲೇ ಎಲೆ ಬಳಸಬೇಡಿ ಎಂದಿದೆ. ಥೈರಾಯ್ಡ್ ಮಾತ್ರೆ ನುಂಗುವವರು ದೂರ ಇರಲಿ.

ದುಡ್ಡು ಕೊಡದೆ ಸಿಗುವ ಮದ್ದು ಲಕ್ಕಿಸೊಪ್ಪು. ಹೊಲದ ಬದು, ಹಳ್ಳದ ದಂಡೆಯಲ್ಲಿ ಬೇಕಾದಷ್ಟು. ಒಂದೇ ತೊಟ್ಟಿಗೆ ಮೂರು ಅಥವಾ ಐದು ಎಲೆ, ಮೇಲೆ ಹಸಿರು, ತಿರುಗಿಸಿದರೆ ಬೂದಿಬಿಳಿ, ಹಿಚುಕಿದರೆ ಮೂಗಿಗೆ ಬಡಿಯುವ ವಾಸನೆ. ಅಗ್ನುಸೈಡ್, ನೆಗುಂಡೊಸೈಡ್, ಕ್ಯಾಸ್ಟಿಸಿನ್ ಇದರ ಹೆಸರಾಂತ ಸಾರಗಳು. ಎರಡು ಹಿಡಿ ಎಲೆಯನ್ನು ಕಬ್ಬಿಣದ ಬಾಣಲೆಯಲ್ಲಿ ಎರಡು ಚಮಚ ಎಳ್ಳೆಣ್ಣೆ ಹಾಕಿ ಬಾಡುವ ತನಕ ಹುರಿಯಿರಿ, ಕರಿಯಾಗಲು ಬಿಡಬೇಡಿ, ಕರಕಲಾದರೆ ಎಲೆಯ ಎಣ್ಣೆಯ ಅಂಶವೆಲ್ಲ ಹೊಗೆ. ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಮೊದಲು ಮುಂಗೈ ಹಿಂಬದಿಗೆ ಮುಟ್ಟಿಸಿ ನೋಡಿ, ಆಮೇಲೆ ಮಂಡಿ ಸುತ್ತ ಹತ್ತು ಹದಿನೈದು ನಿಮಿಷ ಒತ್ತಿ. ಗಂಟು ಆರಿದರೆ ಅದೇ ಬಾಣಲೆಯಲ್ಲಿ ಬಿಸಿ ಮಾಡಿಕೊಳ್ಳಿ. ಸಿಗುವ ಆರಾಮದಲ್ಲಿ ದೊಡ್ಡ ಪಾಲು ಶಾಖದ್ದು, ಎಲೆಯದು ಉಳಿದದ್ದು. ಅದರಿಂದ ಇದರ ಬೆಲೆ ಕಡಿಮೆಯಾಗುವುದಿಲ್ಲ, ಬೆಳಗಿನ ಬಿಗಿತಕ್ಕೆ ಇದಕ್ಕಿಂತ ಸುರಕ್ಷಿತವಾದದ್ದು ಪೇಟೆಯಲ್ಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಮನೆಯ ಬೇರೆಯವರು ಶಾಖ ನೋಡಿ ಕೊಡಬೇಕು, ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಕೀಲು ಕೆಂಪಗಾಗಿ ಮುಟ್ಟಿದರೆ ಬಿಸಿಯಿದ್ದಾಗ ಯಾರಿಗೂ ಶಾಖ ಬೇಡ.

ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟುವ ವಾಡಿಕೆ ಹಳ್ಳಿಗಳಲ್ಲಿದೆ. ಎಲೆ ಕಿತ್ತು ಹಾಲು ಪೂರ್ತಿ ಸುರಿದುಹೋದ ಮೇಲೆ ತೊಳೆದು ಬಳಸಿ. ಆ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಮಂಜಾಗುತ್ತದೆ, ಚರ್ಮದ ಮೇಲೆ ಬೊಬ್ಬೆ ಏಳುತ್ತದೆ. ರಾತ್ರಿಯಿಡೀ ಕಟ್ಟಿಕೊಂಡು ಮಲಗುವುದು ಬೇಡ.

ಎಣ್ಣೆ ಶೀಸೆಗಳಲ್ಲಿ ಎರಡು ಜಾತಿ. ಮಹಾನಾರಾಯಣ ತೈಲದಂಥವು ಎಳ್ಳೆಣ್ಣೆಯಲ್ಲಿ ಕಾಯಿಸಿದವು. ಒಂದು ಪಾಲು ಬೇರಿನ ಕಲ್ಕ (ಅರೆದ ಮುದ್ದೆ), ನಾಲ್ಕು ಪಾಲು ಎಣ್ಣೆ, ಹದಿನಾರು ಪಾಲು ಕಷಾಯ, ಹಾಲಿನಂಥ ದ್ರವ. ಸರಿಯಾಗಿ ಕಾದಿದೆಯೇ ನೋಡಲು ಬತ್ತಿಯನ್ನು ಅದ್ದಿ ಹಚ್ಚಿ. ಚಟಚಟ ಅಂದರೆ ನೀರು ಉಳಿದಿದೆ, ಬೇಗ ಕೆಡುತ್ತದೆ. ಇನ್ನೊಂದು ಜಾತಿ ಹಚ್ಚಿದ ಕೂಡಲೇ ತಣ್ಣಗೆ, ಆಮೇಲೆ ಬಿಸಿಯಾಗುವ ಕೆಂಪು, ಹಸಿರು ಎಣ್ಣೆಗಳು. ಆ ತಂಪು ಪುದೀನ ಹೂವಿನದು, ಅಂದರೆ ಮೆಂಥಾಲ್. ವಾಸನೆ ಗಂಧಪುರ ಎಣ್ಣೆಯ ಮಿಥೈಲ್ ಸ್ಯಾಲಿಸಿಲೇಟಿನದು. ಲೇಬಲ್ಲಿನಲ್ಲಿ ಹತ್ತಾರು ಬೇರುಗಳ ಹೆಸರಿದ್ದರೂ ಕೆಲಸ ಮಾಡುವುದು ಮುಖ್ಯವಾಗಿ ಈ ಎರಡು, ಜೊತೆಗೆ ಕರ್ಪೂರ. ಬೆನ್ನು, ಮಂಡಿ ಹಿಡಿದಾಗ ತಾತ್ಕಾಲಿಕ ಆರಾಮಕ್ಕೆ ಸರಿಯೇ. ಹಚ್ಚಿದ ಮೇಲೆ ಬಿಗಿಯಾಗಿ ಬಟ್ಟೆ ಸುತ್ತುವುದು, ಬಿಸಿನೀರಿನ ಚೀಲ ಇಡುವುದು ಮಾತ್ರ ತಪ್ಪು. ಚರ್ಮ ಸುಡುತ್ತದೆ, ಮದ್ದು ರಕ್ತಕ್ಕೂ ಹೆಚ್ಚು ಇಳಿಯುತ್ತದೆ. ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಇದರಿಂದ ರಕ್ತಸ್ರಾವ ಆದದ್ದಿದೆ. ಗಂಧಪುರ ಎಣ್ಣೆಯನ್ನು ಬಿಡಿಯಾಗಿ ಸಣ್ಣ ಬಾಟಲಿಗೆ ಸುರಿದು ಕೊಡುವ ಅಂಗಡಿಗಳಿವೆ. ಒಂದು ಚಮಚ, 5 ಮಿಲಿ, ಸುಮಾರು 7 ಗ್ರಾಂ ಆಸ್ಪಿರಿನ್ನಿಗೆ ಸಮ. ಅಷ್ಟು ಕುಡಿದ ಕೂಸು ಉಳಿಯುವುದು ಕಷ್ಟ. ನೀರಿನ ಬಾಟಲಿಗೆ ಯಾವತ್ತೂ ಹಾಕಿಸಬೇಡಿ, ಮೊಮ್ಮಕ್ಕಳ ಕೈಗೆಟುಕುವ ಗೂಡಿನಲ್ಲಿ ಇಡಬೇಡಿ.

ಕೊಳ್ಳಲೇಬಾರದ ಸರಕುಗಳೂ ಅದೇ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತವೆ. ಕೇರುಬೀಜ: ಅದರ ಎಣ್ಣೆ ಮಂಡಿಗೆ ಹಚ್ಚಿದರೆ ಬೊಬ್ಬೆ ಎದ್ದು ಹುಣ್ಣಾಗುತ್ತದೆ, ಕಲೆ ಉಳಿಯುತ್ತದೆ. ಕಾಸರಕದ ಬೀಜ: ಸ್ಟ್ರಿಕ್ನಿನ್, ಮೈ ಸೆಟೆದು ಸಾಯಿಸುವ ವಿಷ. ಇವೆರಡೂ, ಎಕ್ಕವೂ, ಔಷಧ ನಿಯಮಗಳ ಇ(1) ಪಟ್ಟಿಯ ವಿಷದ್ರವ್ಯಗಳು. ಇವು ಸೇರಿದ ಒಳಗೆ ತೆಗೆದುಕೊಳ್ಳುವ ಮದ್ದಿನ ಡಬ್ಬಿ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಇರಲೇಬೇಕು. ಮೂರನೆಯದು ಸುರಂಜಾನ್, ಯುನಾನಿ ಹಕೀಮರು ಕೊಡುವ ಗಡ್ಡೆ. ಇದರಲ್ಲಿ ಕಾಲ್ಚಿಸಿನ್ ಇದೆ, ಯೂರಿಕ್ ಆಮ್ಲದ ಗೌಟ್ ನೋವಿಗೆ ನಿಜವಾದ ಮದ್ದು. ಆದರೆ ಗುಣ ಮಾಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ಸಿಹಿ, ಕಹಿ ಎಂಬ ಎರಡು ಜಾತಿಯಲ್ಲಿ ಕಹಿಯದು ಹೆಚ್ಚು ವಿಷ, ಒಣಗಿದ ಮೇಲೆ ಗುರುತು ಹಿಡಿಯುವುದು ಸುಲಭವಲ್ಲ. ಕಾಲ್ಚಿಸಿನ್ ಬೇಕೇ ಬೇಕಾದರೆ ವೈದ್ಯರು ಬರೆದುಕೊಡುವ 0.5 ಮಿಲಿಗ್ರಾಂ ಮಾತ್ರೆ ಇದೆ, ಪ್ರಮಾಣ ಗೊತ್ತಿರುತ್ತದೆ. ಕಿಡ್ನಿ ತೊಂದರೆ ಇದ್ದವರು ಸುರಂಜಾನನ್ನು ಮೂಸಿಯೂ ನೋಡಬಾರದು.

ಎಲ್ಲಕ್ಕಿಂತ ಕೆಟ್ಟದ್ದು ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಬಳಿ ಹೆಸರು, ಲೈಸೆನ್ಸ್ ನಂಬರು ಇಲ್ಲದೆ ಕಾಗದದಲ್ಲಿ ಕಟ್ಟಿಕೊಡುವ ಕರಿಗುಳಿಗೆ. ಹತ್ತು ವರ್ಷದ ನೋವು ಎರಡು ದಿನದಲ್ಲಿ ಮಾಯವಾಯಿತು, ಹಸಿವು ಹೆಚ್ಚಾಯಿತು, ಮುಖ ತುಂಬಿಕೊಂಡಿತು ಅಂದರೆ ಅದರಲ್ಲಿ ಸ್ಟೆರಾಯ್ಡ್ ಅರೆದು ಸೇರಿಸಿರುವ ಅನುಮಾನ ಗಟ್ಟಿ. ಗಿಡಮೂಲಿಕೆ ಯಾವುದೂ ಹೀಗೆ ಎರಡು ದಿನದಲ್ಲಿ ಕೆಲಸ ಮಾಡುವುದಿಲ್ಲ. ತಿಂಗಳುಗಟ್ಟಲೆ ತಿಂದವರು ತಟ್ಟನೆ ನಿಲ್ಲಿಸಲೂ ಬಾರದು. ದೇಹ ತನ್ನ ಸ್ಟೆರಾಯ್ಡ್ ತಯಾರಿಸುವುದನ್ನು ಮರೆತಿರುತ್ತದೆ, ಬಿಪಿ ಕುಸಿದು ಬೀಳುತ್ತಾರೆ. ಉಳಿದ ಗುಳಿಗೆಯನ್ನು ಎಸೆಯದೆ ಜೇಬಿನಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋಗಿ ತೋರಿಸಿ.

ಜಗಳೂರು ಕಡೆಯಿಂದ, ಬೋರ್‌ವೆಲ್ ನೀರೇ ಕುಡಿಯುವ ಹಳ್ಳಿಗಳಿಂದ ಬರುವವರು ಮದ್ದು ಕೊಳ್ಳುವುದಕ್ಕೂ ಮೊದಲು ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಬೇಕು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಎಲುಬು, ಕೀಲು ಬಿಗಿಯುವ ಫ್ಲೋರೋಸಿಸ್ ಬರಬಹುದು. ಮನೆಯ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಕಂಡರೆ ಅನುಮಾನ ಇನ್ನೂ ಗಟ್ಟಿ. ಅದಕ್ಕೆ ಈ ಯಾವ ಬೇರೂ ಮುಟ್ಟುವುದಿಲ್ಲ. ಕುಡಿಯುವ ನೀರು ಬದಲಾಗಬೇಕು.

ಮಂಡಿ ಆಪರೇಷನ್ ದಿನ ಗೊತ್ತಾಗಿದ್ದರೆ ಅರಿಶಿನದ ಕ್ಯಾಪ್ಸೂಲು, ಒಣಶುಂಠಿ ಪುಡಿ, ಗುಗ್ಗುಳ, ಸಲ್ಲಕಿ ಎಲ್ಲದರ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದು ಅರಿವಳಿಕೆ ವೈದ್ಯರ ಕೈಗೆ ಕೊಡಿ. ಇವುಗಳಲ್ಲಿ ಕೆಲವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನ ಮಾಡುತ್ತವೆ, ಸಾಮಾನ್ಯವಾಗಿ ಎರಡು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ಲಕ್ಕಿಸೊಪ್ಪಿನ ಗಂಟನ್ನು ಮಾತ್ರ ಆಪರೇಷನ್ ಆದ ಮೇಲೆ ಹೊಲಿಗೆ ಪೂರ್ತಿ ಮಾಯುವ ತನಕ ಆ ಮಂಡಿಯ ಹತ್ತಿರ ತರಬೇಡಿ.